ಮುದ್ರೆಯುಂಗುರವೂ ಮತದಾರನೂ

ಶಕುಂತಲೆಯ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. 'ಅಭಿನವ ಕಾಳಿದಾಸ'ರೆನಿಸಿದ ಬಸವಪ್ಪಶಾಸ್ತ್ರಿಗಳು ಕಾಳಿದಾಸನ ನಾಟಕವನ್ನು ಕನ್ನಡಕ್ಕೆ ತಂದ ಮೇಲಂತೂ, ದುಷ್ಯಂತನ ಆಸ್ಥಾನದಲ್ಲಿ ಆ ಹೆಣ್ಣುಮಗಳು ತನ್ನ ಬರಿಬೆರಳನ್ನು ನೋಡಿಕೊಂಡು ನಿಂತ ಗಳಿಗೆ ಓದು ಬಾರದವರಿಗೂ ಪರಿಚಿತವಾಗಿದೆ. ಆದರೆ ಈ ಕಥೆಗೆ ಎರಡು ರೂಪಗಳುಂಟೆಂಬುದನ್ನು ನಾವು ಮರೆಯುತ್ತೇವೆ. ಕಾಳಿದಾಸನಲ್ಲಿ ದುರ್ವಾಸರ ಶಾಪವಿದೆ. ಅರಸನು ನಿಜವಾಗಿಯೇ ಮರೆತಿದ್ದಾನೆ. ಉಂಗುರವನ್ನು ಕಂಡೊಡನೆ ಅವನಿಗೆ ನೆನಪು ಮರಳುತ್ತದೆ. ವ್ಯಾಸರ ಭಾರತದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿಯ ಅರಸನು ಬಲ್ಲವನು, ಬಲ್ಲವನಾಗಿಯೂ ಅರಿಯೆನೆನ್ನುತ್ತಾನೆ. ಆಕಾಶವಾಣಿಯು ಸಾಕ್ಷಿ ನುಡಿದ ಬಳಿಕ, ಬರಿಯ ಇವಳ ಮಾತನ್ನು ನಂಬಿ ಸ್ವೀಕರಿಸಿದ್ದರೆ ಲೋಕವು ಶಂಕಿಸುತ್ತಿತ್ತೆಂದು ಸಮಜಾಯಿಷಿ ಹೇಳುತ್ತಾನೆ. ಮರೆತವನನ್ನು ಕ್ಷಮಿಸುವುದು ಸುಲಭ. ಬಲ್ಲವನಾಗಿಯೂ ಸಾಕ್ಷಿ ಕೇಳಿದ ಈ ಎರಡನೆಯ ದುಷ್ಯಂತನ ವಿಷಯದಲ್ಲಿ ಮಾತ್ರ ನನಗೆ ವಿದ್ಯಾರ್ಥಿದೆಸೆಯಿಂದಲೂ ತಾತ್ಸಾರವಿತ್ತು. 2024ರ ನವೆಂಬರ 20ರಂದು ಆ ವೇಷವನ್ನು ನಾನೇ ತೊಡಬೇಕಾಗಿ ಬಂದಿತು. ಅದಕ್ಕಾಗಿಯೇ ಈ ಲೇಖನ.

ಅಂದು ಮಹಾರಾಷ್ಟ್ರ ವಿಧಾನಸಭೆಯ ಚುನಾವಣೆ. ನಮ್ಮಂಥ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಚುನಾವಣೆಯೆಂಬುದು ಹಬ್ಬವೂ ಹೌದು, ಗ್ರಹಚಾರವೂ ಹೌದು. ಸ್ವಂತ ಊರನ್ನು ಬಿಟ್ಟು ಬೇರೆಡೆ ನೇಮಿಸುವುದು ವಾಡಿಕೆಯಾದುದರಿಂದ ನನ್ನ ಪಾಲಿಗೆ ಗುಂಜೋಟಿಯಿಂದ ದೂರದ ಒಂದು ಗಡಿಹಳ್ಳಿ ಬಂದಿತು; ಅದರ ಹೆಸರು ಇಲ್ಲಿ ಬೇಡ. ಒಂದನೆಯ ಮತದಾನಾಧಿಕಾರಿಯ ಕುರ್ಚಿ ನನ್ನದು. ಬಂದವರ ಗುರುತನ್ನು ಪರೀಕ್ಷಿಸಿ, ಯಾದಿಯಲ್ಲಿಯ ಹೆಸರನ್ನು ಎಲ್ಲರಿಗೂ ಕೇಳಿಸುವಂತೆ ಓದಿ, ಅದಕ್ಕೆ ಗೆರೆ ಎಳೆಯುವುದು ಆ ಕುರ್ಚಿಯ ಕೆಲಸ. ಸಕ್ಕರೆ ಕಾರಖಾನೆಗಳ ಹಂಗಾಮು ತೆರೆದ ದಿನಗಳವು. ಕಬ್ಬು ಕಡಿಯುವ ಜೋಡಿಗಳು ಊರು ಬಿಟ್ಟಿದ್ದವು; ಓಣಿಗಳಲ್ಲಿ ಮುದುಕರೂ ಮಕ್ಕಳೂ ಉಳಿದಿದ್ದರು.

ಮಧ್ಯಾಹ್ನ ಇಳಿಹೊತ್ತಿನಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬಳು ಬಂದಳು. ಕೈಯಲ್ಲಿ ಮನೆಮನೆಗೆ ಹಂಚಿದ ಮಾಹಿತಿಯ ಚೀಟಿಯೊಂದೇ ಇತ್ತು. 2019ರಿಂದ ಆ ಚೀಟಿಯೊಂದನ್ನೇ ಗುರುತೆಂದು ಒಪ್ಪುವಂತಿಲ್ಲ. ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಇರಬೇಕು. ಇಲ್ಲವಾದರೆ ಆಧಾರ್, ಉದ್ಯೋಗ ಖಾತರಿಯ ಕಾರ್ಡು, ಭಾವಚಿತ್ರವುಳ್ಳ ಬ್ಯಾಂಕಿನ ಪುಸ್ತಕ ಮೊದಲಾಗಿ ಆಯೋಗವು ಹೆಸರಿಸಿರುವ ಹನ್ನೆರಡರಲ್ಲಿ ಒಂದಾದರೂ ಇರಬೇಕು. ಆಕೆಯಲ್ಲಿ ಯಾವುದೂ ಇರಲಿಲ್ಲ. ಮನೆಯ ಕಾಗದಗಳೆಲ್ಲ ಒಂದೇ ಚೀಲದಲ್ಲಿದ್ದವು. ಮಗನು ಕಬ್ಬಿಗೆ ಹೋಗುವಾಗ ಆ ಚೀಲವನ್ನು ಹಾಗೆಯೇ ಒಯ್ದಿದ್ದನು. ಯಾದಿಯಲ್ಲಿ ಆಕೆಯ ಭಾವಚಿತ್ರವಿತ್ತೇನೋ ನಿಜ. ಅಚ್ಚಿನಲ್ಲಿ ಅದು ಮಸಿಯ ಕಲೆಯಾಗಿತ್ತು. ಬೇರೆ ಬೇರೆ ಪಕ್ಷಗಳ ನಾಲ್ವರು ಏಜಂಟರು, ಬೆಳಗಿನಿಂದ ಒಬ್ಬರ ಮುಖವನ್ನೊಬ್ಬರು ನೋಡದೆ ಕುಳಿತವರು, ಒಂದೇ ದನಿಯಲ್ಲಿ ಆಕೆಯ ಹೆಸರು, ಗಂಡನ ಹೆಸರು, ಓಣಿ, ಹಿಂದುಮುಂದೆಲ್ಲವನ್ನೂ ಹೇಳಿದರು. ಆ ದಿನ ಅವರು ಒಮ್ಮತಪಟ್ಟ ಸಂಗತಿ ಅದೊಂದೇ. ಅಧ್ಯಕ್ಷಾಧಿಕಾರಿಗಳು ಒಳ್ಳೆಯವರು, ಆದರೆ ಆದೇಶವನ್ನು ತೋರಿಸಿ, ಕಾಗದವಿಲ್ಲದೆ ಆಗದೆಂದರು. ಆಕೆಗೆ ತಿಳಿಸಬೇಕಾದವನು ನಾನು. ಮರಾಠಿಯಲ್ಲಿ ಹೇಳಿದೆ. ನನ್ನ ಮರಾಠಿಯ ಉಚ್ಚಾರದಿಂದಲೇ ಆಕೆ ನನ್ನನ್ನು ಕನ್ನಡದವನೆಂದು ಹಿಡಿದಳು. "ಇಲ್ಲಿ ಕುಂತವರೆಲ್ಲಾ ನನ್ನ ಗುರ್ತ ಹಿಡೀತಾರ. ಗುರ್ತ ಇಲ್ಲದವ ನೀ ಒಬ್ಬನ ಇದ್ದಿ. ಮತ್ತ ನೀನ ನಾ ಯಾರಂತ ಕೇಳ್ಲಿಕತ್ತಿ!" ಎಂದಳು. ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಸಂಜೆ ಆರು ಗಂಟೆಗೆ ಬಾಗಿಲು ಮುಚ್ಚುವವರೆಗೂ ಆಕೆ ತಿರುಗಿ ಬರಲಿಲ್ಲ.

ಈ ಪ್ರಸಂಗವನ್ನು ನಮ್ಮ ಸಂಘದ ಬೈಠಕಿನಲ್ಲಿ ಹೇಳಿದಾಗ ಗೆಳೆಯರಲ್ಲಿ ಎರಡು ಪಂಗಡಗಳಾದವು. ಒಬ್ಬರು, ರೇಷನ್ನಿಗೆ ಕಾಗದ ಬೇಕು, ಬಸ್ಸಿನ ಸವಲತ್ತಿಗೆ ಕಾಗದ ಬೇಕು, ರಾಜ್ಯವನ್ನೇ ಕಟ್ಟುವ ಮತಕ್ಕೆ ಮಾತ್ರ ಬೇಡವೇ ಎಂದರು. ಇನ್ನೊಬ್ಬರು, ನಾಲ್ಕು ಜನ ಸಾಕ್ಷಿ ಇರುವಾಗ ಕಾಗದದ ಹಂಗೇಕೆಂದರು. ಮೊದಲನೆಯ ಮಾತಿಗೆ ಉತ್ತರ ಸುಲಭ. ರೇಷನ್ನು ಸರಕಾರ ನಮಗೆ ಕೊಡುವುದು. ಮತವು ನಾವು ಸರಕಾರಕ್ಕೆ ಕೊಡುವುದು. ಕೊಡುವವನೇ ಬಾಗಿಲಲ್ಲಿ ನಿಂತು ತಾನು ಯಾರೆಂದು ರುಜುವಾತು ಮಾಡಬೇಕೆಂಬುದರಲ್ಲಿ ಏನೋ ಒಂದು ವಿಪರ್ಯಾಸವಿದೆ. ಎರಡನೆಯ ಮಾತು ಮನಸ್ಸಿಗೆ ಹಿಡಿಸುವಂಥದು. ಅದನ್ನೇ ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕಾಗಿದೆ.

ನೆರೆಹೊರೆಯ ಸಾಕ್ಷಿಯನ್ನು ನಮ್ಮ ಕಾಯಿದೆ ಅರಿಯದ್ದೇನಲ್ಲ. ಮತಗಟ್ಟೆಯಲ್ಲಿ ಪಕ್ಷಗಳ ಏಜಂಟರನ್ನು ಕೂಡ್ರಿಸುವ ಮುಖ್ಯ ಉದ್ದೇಶವೇ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮತ ಹಾಕುವುದನ್ನು ಹಿಡಿಯುವುದು. ಮತದಾರರ ಗುರುತು ಹಿಡಿಯಲು ಊರಿನ ಬಲ್ಲವರನ್ನು ನೆರವಿಗೆ ಇರಿಸಿಕೊಳ್ಳಲು ಅಧ್ಯಕ್ಷಾಧಿಕಾರಿಗೆ 1961ರ ಚುನಾವಣಾ ನಿಯಮಗಳಲ್ಲಿ ಅಧಿಕಾರವಿದೆ. ಆ ನಿಯಮಗಳಲ್ಲಿಯೇ ಇನ್ನೊಂದು ಸ್ವಾರಸ್ಯವಾದ ಏರ್ಪಾಡುಂಟು. ಬಂದವನು ನಿಜವಾದ ಮತದಾರನಲ್ಲವೆಂದು ಏಜಂಟನಿಗೆ ಸಂಶಯ ಬಂದರೆ ಅವನು ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸಬೇಕು. ಆಗ ಅಧಿಕಾರಿಯು ಸ್ಥಳದಲ್ಲಿಯೇ ವಿಚಾರಣೆ ನಡೆಸುತ್ತಾನೆ. ಆಕ್ಷೇಪ ಸಿದ್ಧವಾಗದಿದ್ದರೆ ಬಂದವನು ಮತ ಹಾಕುತ್ತಾನೆ. ಆಕ್ಷೇಪವು ಕ್ಷುಲ್ಲಕವಾದುದೆಂದು ಕಂಡರೆ ಠೇವಣಿ ಮುಟ್ಟುಗೋಲಾಗುತ್ತದೆ. ಇಂದು ಎರಡು ರೂಪಾಯಿಗೆ ಒಂದು ಕಪ್ಪು ಚಹವೂ ದೊರೆಯದು. ಆದರೂ ಆ ಎರಡು ರೂಪಾಯಿಯಲ್ಲಿ ಒಂದು ಧರ್ಮಸೂಕ್ಷ್ಮವಿದೆಯೆಂದು ನನಗೆ ತೋರುತ್ತದೆ: ಸಂಶಯಿಸುವವನು ಸಂಶಯದ ಬೆಲೆ ತೆರಬೇಕು, ಬಂದವನು, ಸುಳ್ಳನೆಂದು ಸಿದ್ಧವಾಗುವವರೆಗೆ, ತಾನು ಹೇಳಿದವನೇ. ಭಾವಚಿತ್ರದ ನಿಯಮವು ಈ ಭಾರವನ್ನು ತಿರುಗಿಸಿ ಹಾಕುತ್ತದೆ. ಅಜ್ಜಿಯನ್ನು ಅಂದು ಯಾರೂ ಸಂಶಯಿಸಲಿಲ್ಲ, ಯಾರೂ ಎರಡು ರೂಪಾಯಿ ಇಡಲಿಲ್ಲ. ಯಾರೂ ಮಾಡದ ಆಕ್ಷೇಪಕ್ಕೆ ಆಕೆ ಉತ್ತರ ಕೊಡಬೇಕಾಯಿತು. ಉತ್ತರವು ಮಗನ ಚೀಲದಲ್ಲಿ ಎಲ್ಲೋ ಕಬ್ಬಿನ ಗದ್ದೆಯ ಬದಿಯಲ್ಲಿತ್ತು.

ಹಾಗೆಂದು ಹಳೆಯ ಪದ್ಧತಿ ಸುವರ್ಣಯುಗವಾಗಿತ್ತೆಂದು ನಂಬುವವನು ನಾನಲ್ಲ. ನಮ್ಮ ಹಿರಿಯರು 1952ರಲ್ಲಿ ಮೊದಲ ಮತ ಹಾಕಿದ್ದು ಹೈದರಾಬಾದ ರಾಜ್ಯದ ಪ್ರಜೆಗಳಾಗಿ, 1957ರಲ್ಲಿ ಮುಂಬಯಿ ರಾಜ್ಯದಲ್ಲಿ, 1962ರಲ್ಲಿ ಮಹಾರಾಷ್ಟ್ರದಲ್ಲಿ. ನಿಲಂಗಾ ಉದಗೀರಗಳಂತೂ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳು. ಹೀಗೆ ಕುಳಿತಲ್ಲಿಂದ ಕದಲದ ಗುಂಜೋಟಿಯ ಒಕ್ಕಲಿಗನು ಮೂರು ಸಾರ್ವತ್ರಿಕ ಚುನಾವಣೆಗಳಲ್ಲಿ ಮೂರು ರಾಜ್ಯಗಳ ಮತದಾರನಾದನು. ಮುಖ ಅದೇ, ಹೊಲ ಅದೇ. ಕಾಗದದ ತಲೆಬರಹ ಮಾತ್ರ ಬೇರೆ. ಆ ದಿನಗಳಲ್ಲಿ ಗುರುತು ಹಿಡಿಯುತ್ತಿದ್ದವರು ಪಾಟೀಲರು, ಪಟವಾರಿಗಳು. ಅವರ ಬಾಯಲ್ಲಿ ಒಬ್ಬನ ಅಸ್ತಿತ್ವವಿತ್ತು. ಕೆಳಗಿನ ಕೇರಿಯವರು ಮತಗಟ್ಟೆಗೆ ಬಂದರೆ "ನಿನ್ನ ಮತ ಬಿದ್ದಾಗಿದೆ, ಮನೆಗೆ ಹೋಗು" ಎಂದು ತಿರುಗಿಸಿದ ಕಥೆಗಳನ್ನು ಹೇಳುವ ಹಿರಿಯರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ನೆರೆಯವನ ಗುರುತು ಎಂಬುದು ನೆರೆಯವನ ಕೃಪೆಯೂ ಆಗಿರಬಹುದು. ನಾಲ್ವರು ಏಜಂಟರು ಆ ಅಜ್ಜಿಯ ಪರವಾಗಿ ನುಡಿದರು. ಊರಿಗೆ ಬೇಡವಾದವಳೊಬ್ಬಳು ಬಂದಿದ್ದರೆ ಅದೇ ನಾಲ್ವರು ಸುಮ್ಮನಿರುತ್ತಿದ್ದರೋ ಏನೋ ಬಲ್ಲವರಾರು?

ಅಂಥವರಿಗೆ ಭಾವಚಿತ್ರದ ಚೀಟಿಯು ಯಾರ ಕೃಪೆಯನ್ನೂ ಬೇಡದ ಒಂದು ಸ್ವತ್ತು. ಮೊದಲ ಚುನಾವಣೆಯ ಯಾದಿಯನ್ನು ಸಿದ್ಧಪಡಿಸುವಾಗ, ವಿಶೇಷವಾಗಿ ಉತ್ತರದ ಪ್ರಾಂತಗಳಲ್ಲಿ, ಅನೇಕ ಹೆಂಗಸರು ತಮ್ಮ ಹೆಸರು ಹೇಳಲೊಪ್ಪದೆ 'ಇಂಥವನ ಹೆಂಡತಿ', 'ಇಂಥವನ ಮಗಳು' ಎಂದಷ್ಟೇ ಬರೆಸಿದರು. ಅಂದಿನ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಅದನ್ನು ಒಪ್ಪದೆ, ಹೆಸರಿಲ್ಲದ ಸುಮಾರು 28 ಲಕ್ಷ ಸ್ತ್ರೀಯರನ್ನು ಯಾದಿಯಿಂದ ತೆಗೆಸಿದರು. ಕ್ರೂರವೆಂದು ತೋರುವ ಆ ನಿಷ್ಠುರತೆಯಿಂದಲೇ ಮುಂದಿನ ಯಾದಿಗಳಲ್ಲಿ ಹೆಣ್ಣಿಗೆ ಸ್ವಂತ ಹೆಸರು ಬಂದಿತೆಂಬುದನ್ನು ಮರೆಯಲಾಗದು. ಮನೆಯೂ ಹೊಲವೂ ಗಂಡಸಿನ ಹೆಸರಿನಲ್ಲಿರುವ ನಮ್ಮ ಮನೆತನಗಳಲ್ಲಿ ಎಷ್ಟೋ ತಾಯಂದಿರು ತಮ್ಮ ಹೆಸರನ್ನೂ ಮುಖವನ್ನೂ ಒಂದೇ ಕಾಗದದ ಮೇಲೆ ಮೊದಲು ಕಂಡದ್ದು ಮತದಾರರ ಚೀಟಿಯಲ್ಲಿಯೇ.

ಆದರೆ ಈ ಚೀಟಿಯ ಚರಿತ್ರೆಯೂ ನೋಡತಕ್ಕದ್ದಾಗಿದೆ. 1960ರಲ್ಲಿ ಕಲಕತ್ತೆಯ ನೈಋತ್ಯ ಲೋಕಸಭಾ ಕ್ಷೇತ್ರದಲ್ಲಿ ಮೊದಲ ಪ್ರಯೋಗ ನಡೆಯಿತು. 3.42 ಲಕ್ಷ ಮತದಾರರಲ್ಲಿ ಚೀಟಿ ಕೊಡಲಾದದ್ದು 2.10 ಲಕ್ಷ ಜನರಿಗೆ. ಬಹುಮಂದಿ ಹೆಂಗಸರು ಭಾವಚಿತ್ರಕ್ಕೆ ಮುಖ ಕೊಡಲೊಪ್ಪಲಿಲ್ಲ. ಇನ್ನು ಕೆಲವರು ಮನೆಯಲ್ಲಿ ಸಿಕ್ಕಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ಅದರ ಬದಲು ದೇಶವು ಬೆರಳಿನ ಮಸಿಯನ್ನೇ ನೆಚ್ಚಿಕೊಂಡಿತು. 1962ರಿಂದ ಅದನ್ನು ತಯಾರಿಸುತ್ತ ಬಂದಿರುವುದು ಮೈಸೂರಿನ ಅರಗು ಮತ್ತು ಬಣ್ಣದ ಕಾರಖಾನೆಯೆಂಬುದು ನಮಗೆ ಅಭಿಮಾನದ ಸಂಗತಿ. ಮಸಿಯು ನೀನಾರೆಂದು ಕೇಳುವುದಿಲ್ಲ. ನಿನ್ನ ಸರದಿ ಮುಗಿಯಿತೆಂದಷ್ಟೇ ಹೇಳುತ್ತದೆ. ಒಬ್ಬನು ಎರಡು ಸಲ ಬರುವುದನ್ನು ಅದು ತಡೆದೀತು. ಇನ್ನೊಬ್ಬನ ಹೆಸರಿನಲ್ಲಿ ಬರುವುದನ್ನು ತಡೆಯಲಾರದು. ಆದುದರಿಂದ 1979ರಲ್ಲಿ ಸಿಕ್ಕಿಮದ ವಿಧಾನಸಭೆಯ ಚುನಾವಣೆಯಲ್ಲಿ ಭಾವಚಿತ್ರದ ಚೀಟಿ ಬಂದಿತು. 1993ರ ಅಗಸ್ಟದಲ್ಲಿ ಟಿ. ಎನ್. ಶೇಷನ್ನರು ಇಡೀ ದೇಶಕ್ಕೆ ಅದನ್ನು ಆದೇಶಿಸಿದರು.

ಆ ಆದೇಶವಾದ ಮುಂದಿನ ತಿಂಗಳೇ, ಸಪ್ಟೆಂಬರ 30ರ ನಸುಕಿನಲ್ಲಿ, ಕಿಲ್ಲಾರಿ ಸಾಸ್ತೂರುಗಳ ನೆಲ ನಡುಗಿತು. ಆಗ ನಾನು ತೊಟ್ಟಿಲ ಕೂಸು. ಆದರೆ ಆ ರಾತ್ರಿಯ ಕಥೆಯನ್ನು ಕೇಳದೆ ಬೆಳೆದ ಮಗು ಉಮರ್ಗಾ ತಾಲ್ಲೂಕಿನಲ್ಲಿಲ್ಲ. ಸಾವಿರಾರು ಜನ ಮಣ್ಣು ಕಲ್ಲುಗಳ ಗೋಡೆಗಳ ಅಡಿಯಲ್ಲಿ ಸಿಕ್ಕಿ ಸತ್ತರು. ಅವರೊಡನೆ ಪೆಟ್ಟಿಗೆಯೊಳಗಿನ ಪತ್ರಗಳೂ ಮಣ್ಣಾದವು. ಉಳಿದವನು ಯಾರ ಮಗನೆಂದು ಹೇಳಿದವನು ಉಳಿದ ಇನ್ನೊಬ್ಬನೇ. ಆ ವರ್ಷವೇ ಮುಖವನ್ನು ಕಾಗದಕ್ಕೆ ಕಟ್ಟಲು ನಿಶ್ಚಯಿಸಿದ ದೇಶಕ್ಕೆ ಕಾಗದ ಎಷ್ಟು ಬೇಗ ಹುಡಿಯಾಗುವುದೆಂಬುದನ್ನು ನಮ್ಮ ನೆಲವೇ ತೋರಿಸಿತು.

ಇದು ಗಡಿಯವರಾದ ನಮಗೆ ಇನ್ನೊಂದು ಬಗೆಯ ತೊಡಕೂ ಹೌದು. ಆಳಂದದಿಂದಲೋ ಬಸವಕಲ್ಯಾಣದಿಂದಲೋ ನಮ್ಮೂರಿಗೆ ಬರುವ ಸೊಸೆಗೆ ತವರಿನ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಕನ್ನಡ ಲಿಪಿಯಲ್ಲಿ. ಇಲ್ಲಿ ಕೆಲವು ಮನೆಗಳಲ್ಲಿ ಲಗ್ನದಂದೇ ಬೇರೆ ಹೆಸರಿಡುತ್ತಾರೆ. ಅದರ ನಡುವೆ ಗಂಡನ ಹೆಸರು ಸೇರುತ್ತದೆ, ಕೊನೆಗೆ ಅಡ್ಡಹೆಸರು, ಎಲ್ಲವೂ ಮರಾಠಿ ಬರವಣಿಗೆಯಲ್ಲಿ. ಕನ್ನಡದ ಹ್ರಸ್ವ ಎಕಾರ ಒಕಾರಗಳಿಗೆ ಅಲ್ಲಿ ಗುರುತೇ ಇಲ್ಲ. ಹೀಗೆ ಒಬ್ಬಳೇ ಹೆಣ್ಣುಮಗಳು ಮೂರು ಕಾಗದಗಳಲ್ಲಿ ಮೂವರಾಗುತ್ತಾಳೆ. ಸಣ್ಣಪುಟ್ಟ ಬರಹದ ತಪ್ಪುಗಳನ್ನು ಗಣಿಸಬಾರದೆಂದು ಆಯೋಗದ ಸೂಚನೆಯೇ ಇದೆ, ಒಳ್ಳೆಯದು. ಆದರೆ ಯಾವುದು ಸಣ್ಣ ತಪ್ಪೆಂಬುದನ್ನು ಕುರ್ಚಿಯಲ್ಲಿ ಕುಳಿತವನು ನಿರ್ಣಯಿಸಬೇಕು. ಅವನಿಗೆ ಕನ್ನಡದ ಹೆಸರುಗಳ ಪರಿಚಯವಿರಬೇಕು. ಮತ್ತೊಂದೆಡೆ, ಗಡಿಯ ಎರಡೂ ಬದಿಗೆ ಹೆಸರುಳ್ಳವರೂ ಇಲ್ಲದಿಲ್ಲ. ಒಬ್ಬನಿಗೆ ಒಂದೇ ಕ್ಷೇತ್ರವೆಂದು 1950ರ ಕಾಯಿದೆ ಹೇಳುತ್ತದೆ. ಆದರೂ ಚಂದ್ರಪುರ ಜಿಲ್ಲೆಯ ಜಿವತಿ ತಾಲ್ಲೂಕಿನ ತೆಲಂಗಾಣದ ಅಂಚಿನ ಹಳ್ಳಿಗಳ ಜನರ ಕೈಯಲ್ಲಿ ಎರಡು ರಾಜ್ಯಗಳ ಎರಡು ಚೀಟಿಗಳಿದ್ದುದು ಜಗಜ್ಜಾಹೀರ. ಎರಡರಲ್ಲಿಯೂ ಭಾವಚಿತ್ರವುಂಟು, ಎರಡೂ ಅಸಲು. ಮುಖವನ್ನು ಅಚ್ಚೊತ್ತಿದ ಮಾತ್ರಕ್ಕೆ ಯಾದಿ ಶುದ್ಧವಾಗದು.

ಬಿಗಿ ನಿಯಮದ ಪಕ್ಷಪಾತಿಗಳು, ಒಂದು ಸುಳ್ಳು ಮತವೂ ಫಲವನ್ನು ತಿರುವಬಲ್ಲದೆನ್ನುತ್ತಾರೆ. ನಿಜವೇ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣರಿಗೆ 40,752, ಎ. ಆರ್. ಕೃಷ್ಣಮೂರ್ತಿಯವರಿಗೆ 40,751, ಒಂದೇ ಮತದ ಅಂತರ. ಆದರೆ ಆ ಒಂದು ಮತವು ಒಳಹೊಕ್ಕ ಸುಳ್ಳಿನದೇ ಆಗಬೇಕೆಂದಿಲ್ಲ; ಹೊರಗುಳಿದ ನಿಜದ್ದೂ ಆಗಬಹುದು. ತಕ್ಕಡಿಗೆ ಎರಡೂ ಸಮತೂಕ. ನಮ್ಮ ಕಣ್ಣಿಗೆ ಮಾತ್ರ ಅವು ಸಮವಲ್ಲ: ಸುಳ್ಳು ಮತ ಹಾಕಿದವನನ್ನು ಹಿಡಿದರೆ ಅದು ಸುದ್ದಿಯಾಗುತ್ತದೆ, ಮೊಕದ್ದಮೆಯಾಗುತ್ತದೆ. ತಿರುಗಿ ಹೋದವಳು ಮನೆಗೆ ಹೋಗಿ ರೊಟ್ಟಿ ಬಡಿಯುತ್ತಾಳೆ.

ಇಲ್ಲಿಯೇ ನನ್ನ ಮುಖ್ಯವಾದ ಮಾತಿದೆ. ನಿಮ್ಮ ಹೆಸರಿನಲ್ಲಿ ಮೊದಲೇ ಯಾರಾದರೂ ಮತ ಹಾಕಿ ಹೋಗಿದ್ದರೆ, ನಿಮ್ಮ ಗುರುತು ಸಿದ್ಧವಾದ ಮೇಲೆ ನಿಮಗೆ ಬೇರೊಂದು ಮತಪತ್ರ ಕೊಟ್ಟು, ಪ್ರತ್ಯೇಕ ಲಕೋಟೆಯಲ್ಲಿ ಇರಿಸಿ, ಯಾದಿ ಮಾಡುತ್ತಾರೆ. ಆಕ್ಷೇಪಿತವಾದ ಮತಗಳಿಗೂ ಒಂದು ಯಾದಿಯುಂಟು. ಕಾಣದವರ, ಅಶಕ್ತರ ಕೈಹಿಡಿದು ಬಂದವರಿಗೂ ಯಾದಿಯುಂಟು. ಅಂದು ರಾತ್ರಿ ಕಂದೀಲಿನಂಥ ಮಂದ ದೀಪದಲ್ಲಿ ಆ ಕಾಗದಗಳನ್ನೆಲ್ಲ ತುಂಬುವಾಗ, ಕಾಗದವಿಲ್ಲದೆ ಹಿಂದಿರುಗಿದವರು ಎಷ್ಟು ಎಂಬುದಕ್ಕೆ ನಾನು ಕೋಷ್ಟಕವನ್ನು ಹುಡುಕಿದೆ, ಕಾಣಲಿಲ್ಲ. ಅಧ್ಯಕ್ಷಾಧಿಕಾರಿಗಳನ್ನು ಕೇಳಿದೆ. "ಯಾವ ಕಲಮಿನಲ್ಲಿ ಬರೆಯಲಿ, ಗುರೂಜಿ?" ಎಂದರು. ಹೀಗೆ ಅಜ್ಜಿಯು ಮತ ಹಾಕದೆ ಮನೆಯಲ್ಲುಳಿದ ಉದಾಸೀನರ ಲೆಕ್ಕಕ್ಕೆ ಸೇರಿಹೋದಳು. ಎಷ್ಟು ಜನರನ್ನು ನೋಯಿಸುತ್ತೇನೆಂದು ಎಣಿಸಲೂ ಒಲ್ಲದ ನಿಯಮವು ತನ್ನ ನ್ಯಾಯವನ್ನು ಹೇಗೆ ಸಮರ್ಥಿಸಿಕೊಳ್ಳಬೇಕು?

ಬೇರೆಡೆ ಎಣಿಸಿದ್ದಾರೆ. ಇಂಗ್ಲಂಡಿನಲ್ಲಿ 2022ರ ಕಾಯಿದೆಯಂತೆ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಮೊದಲ ಬಾರಿಗೆ ಭಾವಚಿತ್ರದ ಗುರುತನ್ನು ಕೇಳಲಾಯಿತು. ಮತಗಟ್ಟೆಗಳಲ್ಲಿಯೇ ಲೆಕ್ಕವಿಟ್ಟು, ಗುರುತಿಲ್ಲದೆ ಮತ ಕಳೆದುಕೊಂಡವರು ಕನಿಷ್ಠ 14,000 ಮಂದಿಯೆಂದು ಅಲ್ಲಿಯ ಚುನಾವಣಾ ಆಯೋಗವೇ ಪ್ರಕಟಿಸಿತು. ನಿಯಮ ಉಳಿಯಬೇಕೋ ಹೋಗಬೇಕೋ ಎಂದು ಅವರು ಜಗಳವಾಡುತ್ತಿದ್ದರೆ, ಒಂದು ಸಂಖ್ಯೆಯನ್ನು ಮುಂದಿಟ್ಟುಕೊಂಡು ಜಗಳವಾಡುತ್ತಾರೆ. ನಮ್ಮಲ್ಲಿಯೂ 2025ರಲ್ಲಿ ಬಿಹಾರದ ಯಾದಿಯನ್ನು ಪರಿಷ್ಕರಿಸಿದಾಗ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇಲ್ಲವಾದವು. ಸತ್ತವರು, ವಲಸೆ ಹೋದವರು, ಎರಡೆಡೆ ಹೆಸರುಳ್ಳವರು ಎಂದು ಆಯೋಗವೆಂದಿತು. ಆಗ ಸರ್ವೋಚ್ಚ ನ್ಯಾಯಾಲಯವು ಆ ಹೆಸರುಗಳನ್ನು ಒಂದೊಂದಕ್ಕೂ ಕಾರಣಸಹಿತವಾಗಿ ಪ್ರಕಟಿಸಬೇಕೆಂದು ಆ ಅಗಸ್ಟದಲ್ಲಿ ಆಜ್ಞಾಪಿಸಿದ್ದು ನನಗೆ ಬಹಳ ಮಹತ್ತ್ವದ್ದೆನಿಸಿತು. ಹೊರಗಿಟ್ಟವರ ಹೆಸರು ಗೋಡೆಯ ಮೇಲೆ ಅಂಟಿದಾಗಲೇ ಬದುಕಿದ್ದವನು ಬಂದು "ನಾನು ಸತ್ತಿಲ್ಲ" ಎನ್ನಬಲ್ಲನು.

ಅಮೇರಿಕೆಯ ಇಂಡಿಯಾನಾ ಸಂಸ್ಥಾನದ ಒಂದು ಘಟನೆಯನ್ನು ಓದಿದಾಗ ನನಗೆ ನಗುವೂ ಬಂತು, ಅಳುವೂ ಬಂತು. ಅಲ್ಲಿಯ ಭಾವಚಿತ್ರದ ಕಾಯಿದೆಯನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯವು 2008ರ ಎಪ್ರಿಲಿನಲ್ಲಿ ಎತ್ತಿಹಿಡಿಯಿತು. ಮುಂದಿನ ತಿಂಗಳು ಸೌತ್ ಬೆಂಡಿನ ಒಂದು ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಮತದಾನ ನಡೆಯಿತು. ಮತಗಟ್ಟೆಯನ್ನು ನೋಡಿಕೊಳ್ಳುತ್ತಿದ್ದವಳೂ ಒಬ್ಬ ಸಂನ್ಯಾಸಿನಿಯೇ. ವಾಹನ ನಡೆಸದ, ಎಂಬತ್ತು ತೊಂಬತ್ತು ದಾಟಿದ ಸುಮಾರು ಹನ್ನೆರಡು ಮಂದಿ ವೃದ್ಧ ಸೋದರಿಯರು ಬಂದಾಗ ಅವರಲ್ಲಿ ಒಪ್ಪುವಂಥ ಗುರುತಿನ ಕಾರ್ಡು ಇರಲಿಲ್ಲ. ದಿನವೂ ಕಾಣುವ ತನ್ನ ಸೋದರಿಯರನ್ನು ಆಕೆ ಹಿಂದಕ್ಕೆ ಕಳುಹಿಸಿದಳು. ನನ್ನ ಅಜ್ಜಿಗೆ ನಾನಾದರೂ ಅಪರಿಚಿತನೆಂಬ ನೆಪವಿತ್ತು.

ಹನುಮಂತನು ಸೀತೆಗೆ ಉಂಗುರ ತೋರಿಸಬೇಕಾಯಿತು, ಅದು ಸರಿ. ಅವನು ಎಂದೂ ಕಾಣದವನು, ಮಾಯಾವಿಗಳ ಊರಿನಲ್ಲಿ ಬಂದವನು. ಮುದ್ರೆಯುಂಗುರವು ಅಪರಿಚಯದ ಕಂದಕಕ್ಕೆ ಹಾಕಿದ ಸೇತುವೆ. ಪುಣೆ ಮುಂಬಯಿಗಳಂಥ ನಗರಗಳ ಮತಗಟ್ಟೆಯಲ್ಲಿ ಪಕ್ಕದ ಬಾಗಿಲಿನವನೂ ಹನುಮಂತನೇ. ಅಲ್ಲಿ ಚೀಟಿ ಬೇಡವೆನ್ನಲು ನನಗೆ ಧೈರ್ಯ ಸಾಲದು. ಹಳ್ಳಿಯಲ್ಲಿಯೂ ಚೀಟಿ ಇರಲಿ, ಮೊದಲು ಅದನ್ನೇ ಕೇಳಲಿ. ಪಾಟೀಲನ ಕೃಪೆಗಿಂತ ಕಾಗದದ ಹಂಗು ಲೇಸು. ಕಾಗದವಿಲ್ಲವೆಂದಾಗ ಮಾತ್ರ ಹಳೆಯ ಎರಡು ರೂಪಾಯಿಯ ಬಾಗಿಲನ್ನು ತೆರೆಯಬೇಕು: ಪರಸ್ಪರ ವಿರೋಧಿಗಳಾದ ಏಜಂಟರಲ್ಲಿ ಯಾರಿಗಾದರೂ ಆಕ್ಷೇಪವಿದೆಯೇ ಎಂದು ಕೇಳಬೇಕು. ಇಲ್ಲವೆಂದರೆ ಅವರ ರುಜು, ಬಂದವಳ ಹೆಬ್ಬೆಟ್ಟು ಪಡೆದು, ಬೇಕಾದರೆ ಅಲ್ಲಿಯೇ ಭಾವಚಿತ್ರವನ್ನೂ ತೆಗೆದು ಮತ ಹಾಕಿಸಬೇಕು. ಇದರಲ್ಲಿಯೂ ಮೋಸ ನಡೆದೀತು. ನಾಲ್ವರೂ ಕೂಡಿ ಸುಳ್ಳಾಡುವ ಊರೂ ಇದ್ದೀತು. ಆ ಊರಿನಲ್ಲಿ ಚೀಟಿಯಿಂದಲೂ ಬಹಳ ಕೆಲಸವಾಗದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಅಷ್ಟರ ಮೇಲೂ ತಿರುಗಿಸಿ ಕಳುಹಿಸಲೇಬೇಕಾದರೆ ಆಕೆಯ ಹೆಸರನ್ನು ಒಂದು ಕಾಗದದಲ್ಲಿ ಬರೆದಿಡಬೇಕು. ಬರೆದಿಡುವ ಹಕ್ಕನ್ನಾದರೂ ನಮಗೆ ಕೊಡಬೇಕು.

ಈಚೆಗೆ ಬೇಸಿಗೆಯ ರಜೆಯಲ್ಲಿ ಆಳಂದದ ಕಡೆ ಹೋಗುವಾಗ ಆ ಹಳ್ಳಿಯ ಹಾದಿ ಹಿಡಿದೆ. ಮಗನು ಕಬ್ಬಿನಿಂದ ಮರಳಿದ್ದನು. ಅಜ್ಜಿ ಮಾಡಿನಲ್ಲಿಟ್ಟಿದ್ದ ಪ್ಲಾಸ್ಟಿಕ್ ಚೀಲದಿಂದ ಚೀಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, "ಇದರಾಗ ನಾ ಎಲ್ಲಿದ್ದೀನಿ, ತೋರ್ಸು" ಎಂದಳು. ಹದಿನೈದು ವರ್ಷಗಳ ಹಿಂದಿನ ಚಿತ್ರ. ಸೆರಗಿನ ನೆರಳಿನಲ್ಲಿ ಮುಖ ಅರ್ಧ ಮರೆಯಾಗಿತ್ತು, ಹೆಸರಿನ ಎರಡಕ್ಷರ ತಪ್ಪಿದ್ದವು. ಇದನ್ನು ಹಿಡಿದು ಬಂದಿದ್ದರೆ ಅಂದು ಗೆರೆ ಎಳೆದು ಮುಂದಕ್ಕೆ ಬಿಡುತ್ತಿದ್ದೆನೆಂಬುದರಲ್ಲಿ ಸಂದೇಹವಿಲ್ಲ. ಮಜ್ಜಿಗೆ ಕುಡಿದು, ತಿದ್ದುಪಡಿಗೆ ಬೇಕಾದ 8ನೆಯ ನಮೂನೆಯನ್ನು ತುಂಬಿಕೊಟ್ಟೆ. ಹೊಸ ಭಾವಚಿತ್ರ ತೆಗೆಸಲು ತಾಲ್ಲೂಕಿಗೆ ಹೋಗಬೇಕು. ದೀಪಾವಳಿಯಾದ ಮೇಲೆ ಮತ್ತೆ ಕಬ್ಬಿಗೆ ಹೊರಡುವ ಮುಂಚೆ ಕರೆದೊಯ್ಯುತ್ತೇನೆಂದು ಮಗನು ಹೇಳಿದ್ದಾನೆ.